ಶೋರೂಮ್ ಸರ್ವಿಸೋ, ಗ್ಯಾರೇಜ್ ಮಿಸ್ತ್ರಿಯೋ? ಮೊದಲು ಏರ್ ಫಿಲ್ಟರ್ ತೆಗೆದು ನೋಡಿ

ವಿಜಯಪುರದಲ್ಲಿ ಕಾರು ಇಟ್ಟುಕೊಂಡವರಿಗೆ ವಾರಂಟಿ ಮುಗಿದ ಕೂಡಲೇ ಈ ಪ್ರಶ್ನೆ ಶುರುವಾಗುತ್ತದೆ. ಸಣ್ಣ ಪೆಟ್ರೋಲ್ ಕಾರನ್ನು ವರ್ಷಾನುಗಟ್ಟಲೆ ಎರಡೂ ಕಡೆ ಕೊಟ್ಟು ನೋಡಿದ ಮೇಲೆ, ಬಿಲ್ಲಿನ ಮೊತ್ತಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಒಂದೇ ಒಂದು ಸಾಮಾನು: ಎಂಜಿನ್ನಿಗೆ ಹೋಗುವ ಗಾಳಿ ಸೋಸುವ, ಕೆಲವೇ ನೂರು ರೂಪಾಯಿಯ ಕಾಗದದ ಏರ್ ಫಿಲ್ಟರ್. ಅದನ್ನು ಎರಡೂ ಕಡೆ ಕೆಡಿಸುತ್ತಾರೆ, ಆದರೆ ಬೇರೆ ಬೇರೆ ರೀತಿಯಲ್ಲಿ.

ಶೋರೂಮಿನ ತಪ್ಪು ಕಂಪ್ಯೂಟರಿನಲ್ಲಿದೆ. ಕಾರು ತೆಗೆದುಕೊಳ್ಳುವ ಸರ್ವಿಸ್ ಅಡ್ವೈಸರ್ ಕಿಲೋಮೀಟರ್ ಒತ್ತಿದರೆ ಪರದೆಯ ಮೇಲೆ ಮಾಮೂಲಿ ರಸ್ತೆಯ ಸರ್ವಿಸ್ ಪಟ್ಟಿ ಬರುತ್ತದೆ. ಕಾರಿನ ಕೈಪಿಡಿಯ ಹಿಂದಿನ ಪುಟಗಳಲ್ಲಿ ಧೂಳಿನ ರಸ್ತೆಗೆಂದೇ ಇನ್ನೊಂದು ಪಟ್ಟಿ ಇರುತ್ತದೆ. ಅದರಲ್ಲಿ ಫಿಲ್ಟರ್ ನೋಡುವ, ಬದಲಿಸುವ ಅವಧಿ ಎಷ್ಟೋ ಕಡಿಮೆ. ಇಂಡಿ, ಸಿಂದಗಿ, ಬಬಲೇಶ್ವರ ಕಡೆ ಹೊಲದ ದಾರಿ ಹಿಡಿದವರಿಗೆ, ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಓಡಿಸುವವರಿಗೆ ಅನ್ವಯಿಸುವುದು ಆ ಎರಡನೇ ಪಟ್ಟಿಯೇ. ಎರೆಮಣ್ಣಿನ ಧೂಳು ತೀರಾ ನುಣುಪು, ಕಾಗದದ ಮಡಿಕೆಗಳೊಳಗೆ ಆಳಕ್ಕೆ ಹೋಗಿ ಕೂರುತ್ತದೆ. ಅಡ್ವೈಸರ್‌ಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡಿನ ಮೇಲೆ ‘ಏರ್ ಫಿಲ್ಟರ್ ಬದಲಿಸಿ, ಹಳೆಯದನ್ನು ಡಿಕ್ಕಿಯಲ್ಲಿ ಇಡಿ’ ಎಂದು ಬರೆಸಿಯೇ ಸಹಿ ಹಾಕಬೇಕು.

ಗ್ಯಾರೇಜಿನ ಮಿಸ್ತ್ರಿಗೆ ನಮ್ಮ ರಸ್ತೆ ಚೆನ್ನಾಗಿ ಗೊತ್ತು, ಧೂಳು ಗೊತ್ತು. ಆದರೆ ಅವನ ಕೈಯಲ್ಲಿ ಏರ್ ಗನ್ ಇದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೂರ್ತಿ ಒತ್ತಡದಲ್ಲಿ ಹೊರಗಿನ ಬದಿಯಿಂದ ಫಿಲ್ಟರಿಗೆ ಗಾಳಿ ಬಿಟ್ಟು, ‘ಗಾಳಿ ಹೊಡದೀನ್ರಿ ಸರ್, ಹೊಸಾದರಂಗ ಆಗ್ಯದ’ ಎನ್ನುತ್ತಾನೆ. ನೋಡಲು ಬೆಳ್ಳಗಾಗಿರುತ್ತದೆ, ನಿಜ. ಆದರೆ ಆ ರಭಸಕ್ಕೆ ಕಾಗದದ ನಾರು ಬಿಟ್ಟುಕೊಂಡು ಕಣ್ಣಿಗೆ ಕಾಣದ ತೂತುಗಳಾಗುತ್ತವೆ, ಉಳಿದ ಧೂಳು ಒಳಬದಿಗೆ ನುಗ್ಗುತ್ತದೆ. ಆಮೇಲೆ ಅದು ಹೋಗುವುದು ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆಗೆ. ಆಯಿಲ್ ಕುಡಿಯುವ, ಪಿಕಪ್ ಕಳೆದುಕೊಂಡ ಎಷ್ಟೋ ಎಂಜಿನ್ನುಗಳ ಕಥೆ ಹೀಗೆಯೇ ಶುರುವಾಗಿರುತ್ತದೆ.

ಆದ್ದರಿಂದ ಈ ಕೆಲಸ ಮನೆಯ ಮುಂದೆ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ಮಾಡಿಕೊಳ್ಳುವುದೇ ಸರಿ. ಹತ್ತು ನಿಮಿಷ ಸಾಕು. ಮೊದಲು ಫಿಲ್ಟರ್ ಇರುವ ಡಬ್ಬಿಯ ಮುಚ್ಚಳ, ಅಂಚುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ತೆರೆದ ಕ್ಷಣ ಮೇಲಿನ ಧೂಳು ಶುದ್ಧ ಗಾಳಿಯ ಬದಿಗೆ ಉದುರುತ್ತದೆ. ಕ್ಲಿಪ್ ಬಿಚ್ಚಿ, ಫಿಲ್ಟರ್ ಯಾವ ಮುಖ ಮೇಲಿತ್ತು ಎಂದು ನೋಡಿಟ್ಟುಕೊಂಡು ಹೊರತೆಗೆಯಿರಿ. ಕೆಳಗಿನ ಡಬ್ಬಿಯಲ್ಲಿ ಒಣ ಎಲೆ, ಜೋಳದ ರವದಿ, ಕೆಲವೊಮ್ಮೆ ಇಲಿ ತಂದಿಟ್ಟ ಕಾಳು ಸಿಗುತ್ತವೆ. ಊದದೆ, ಬಟ್ಟೆಯಲ್ಲೇ ಒರೆಸಿ ತೆಗೆಯಿರಿ. ಫಿಲ್ಟರಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದಾಗ ಬೆಳಕು ಕಾಣದಿದ್ದರೆ ಹೊಸದು ಬೇಕು. ಬಹಳ ಮುಖ್ಯವಾದದ್ದು ಮುಂದಿನದು: ಫಿಲ್ಟರ್ ದಾಟಿದ ಮೇಲಿನ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಮಣ್ಣು ಹತ್ತಿದರೆ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲ, ಇಲ್ಲವೇ ಯಾರೋ ಒಂದು ಕ್ಲಿಪ್ ಹಾಕದೆ ಬಿಟ್ಟಿದ್ದಾರೆ. ಸರ್ವಿಸ್ ಆದ ಮರುದಿನ ಈ ಪರೀಕ್ಷೆ ಮಾಡಿದರೆ ನಿಮ್ಮ ಕಾರಿನ ಮೇಲೆ ಯಾವ ಕೈ ಕೆಲಸ ಮಾಡಿದೆ ಎಂಬುದು ತಿಳಿಯುತ್ತದೆ. ಹೊಸ ಫಿಲ್ಟರನ್ನು ಪಾರ್ಟ್ ನಂಬರ್ ಹಿಡಿದು ನೀವೇ ತಂದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಶೇ. 28 ಇದ್ದ ಬಿಡಿಭಾಗಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಹಳೆ ದರದ ಸ್ಟಿಕ್ಕರ್ ಇದ್ದರೆ ಕೇಳಿ.

ಇಷ್ಟು ಬೈದ ಮೇಲೆ ಮಿಸ್ತ್ರಿಯ ಪರವಾಗಿ ಮಾತಾಡಲೇಬೇಕು. ಸಸ್ಪೆನ್ಶನ್ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಒಳ್ಳೆಯ ಗ್ಯಾರೇಜೇ. ಚಕ್ರವನ್ನು ಕಾರಿನ ಅಡಿಗೆ ಹಿಡಿದಿಡುವ ಲೋವರ್ ಆರ್ಮಿನ ಬುಶ್, ಅಂದರೆ ಕೀಲಿನ ರಬ್ಬರ್, ಹೋದರೆ ಶೋರೂಮಿನಲ್ಲಿ ಸಾಮಾನ್ಯವಾಗಿ ಇಡೀ ಆರ್ಮ್ ಬದಲಿಸುತ್ತಾರೆ. ಚಕ್ರದ ಕಡೆಯ ಕೀಲಾದ ಬಾಲ್ ಜಾಯಿಂಟ್ ಗಟ್ಟಿ ಇದ್ದರೆ ಮಿಸ್ತ್ರಿ ಹಳೆ ಬುಶ್ ಒತ್ತಿ ತೆಗೆದು ಹೊಸದು ಕೂರಿಸುತ್ತಾನೆ, ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಪಕ್ಕದಲ್ಲಿ ನಿಂತು ಒಂದೇ ಮಾತು ಹೇಳಬೇಕು: ಆರ್ಮಿನ ಬೋಲ್ಟನ್ನು ಕಾರು ಜ್ಯಾಕ್ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕೆ ಬಂದು ಕಾರಿನ ಭಾರ ಬಿದ್ದ ಮೇಲೆ ಕೊನೆಯ ಬಿಗಿತ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ.

ಕ್ಲಚ್ ಸೆಟ್, ಬ್ರೇಕ್ ಪ್ಯಾಡ್, ಲಿಂಕ್ ರಾಡ್, ವ್ಹೀಲ್ ಬೇರಿಂಗ್ ಕೂಡ ಗ್ಯಾರೇಜಿಗೇ. ಪ್ಯಾಡ್ ಹಾಕುವಾಗ, ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಸ್ಲೈಡ್ ಪಿನ್ ತೆಗೆದು ಸಿಲಿಕೋನ್ ಗ್ರೀಸ್ ಹಚ್ಚಿಸಿ. ಬಹಳ ಸಲ ಒಣಗಿದ ಪಿನ್ನಿನಿಂದಲೇ ಒಂದು ಬದಿಯ ಪ್ಯಾಡ್ ಬೇಗ ಸವೆಯುವುದು. ಆಯಿಲ್ ಡ್ರೇನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಕೇಳಿ. ಹಳೆ ವಾಷರ್ ಸೋರುತ್ತದೆಂದು ಬೋಲ್ಟನ್ನೇ ಬಲವಾಗಿ ತಿರುವಿದರೆ ಎಂಜಿನ್ ಕೆಳಗಿನ ಅಲ್ಯೂಮಿನಿಯಂ ಆಯಿಲ್ ಸಂಪಿನ ಆಟಿ (ಬೋಲ್ಟ್ ಕೂರುವ ಮರೆ) ಹರಿದು ಸಾವಿರಾರು ರೂಪಾಯಿಯ ಕೆಲಸವಾಗುತ್ತದೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯಲು ಮಾತ್ರ ಯಾರಿಗೂ ಬಿಡಬೇಡಿ. ನಮ್ಮ ಕಡೆಯ ಗಡಸು ನೀರಿನ ಸುಣ್ಣ ಒಳಗೆ ಕಟ್ಟಿಕೊಂಡರೆ, ನಲವತ್ತು ಡಿಗ್ರಿಯ ಏಪ್ರಿಲ್‌ನಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ರೆಡಿಮಿಕ್ಸ್ ಕೂಲಂಟ್ ಅಥವಾ ಡಿಸ್ಟಿಲ್ಡ್ ವಾಟರ್ ಸೇರಿಸಿದ ಕೂಲಂಟ್ ಮಾತ್ರ.

ಶೋರೂಮಿಗೆ ಕಣ್ಣುಮುಚ್ಚಿ ಹೋಗುವ ಕೆಲಸಗಳೂ ಇವೆ. ಏರ್‌ಬ್ಯಾಗ್ ದೀಪ, ಎಬಿಎಸ್, ಕಳ್ಳತನ ತಡೆಯುವ ಇಮೊಬಿಲೈಸರ್‌ಗೆ ಕೀ ಜೋಡಿಸುವುದು, ಡೀಸೆಲ್ ಇಂಜೆಕ್ಟರ್ ಕೋಡಿಂಗ್. ಇವಕ್ಕೆ ಸಾಮಾನ್ಯವಾಗಿ ಕಂಪನಿಯ ಸ್ಕ್ಯಾನರ್ ಬೇಕು. ಎಸಿ ಕೂಡ ನಾನು ಅಲ್ಲಿಗೇ ಒಯ್ಯುತ್ತೇನೆ. ಗ್ಯಾಸನ್ನು ಎಂಜಿನ್ ಕೋಣೆಯ ಸ್ಟಿಕ್ಕರಿನಲ್ಲಿ ಬರೆದ ಗ್ರಾಂ ಲೆಕ್ಕಕ್ಕೆ ತೂಗಿ ತುಂಬುವ ಯಂತ್ರ ಅಲ್ಲಿರುತ್ತದೆ. ಬೀದಿಬದಿಯಲ್ಲಿ ಬರೀ ಗೇಜ್ ನೋಡಿ, ಸೋರಿಕೆ ಹುಡುಕದೆ, ವ್ಯಾಕ್ಯೂಮ್ ಹಿಡಿದು ಒಳಗಿನ ಗಾಳಿ ತೆಗೆಯದೆ ಗ್ಯಾಸ್ ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಖರ್ಚು. ರಿಕಾಲ್ ಇನ್ನೊಂದು ಕಾರಣ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಬದಲಿಸಲು 17,362 ಕಾರುಗಳನ್ನು ವಾಪಸ್ ಕರೆಯಿತು, ಖರ್ಚು ಕಂಪನಿಯದೇ. ಇಂಥದ್ದಕ್ಕೆ ನಿಮ್ಮ ಕಾರು ಸೇರುತ್ತದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಆಗಾಗ ವಿಚಾರಿಸಿ.

ಶೋರೂಮಿನಲ್ಲಿ ಬೇಡವೆನ್ನಬೇಕಾದವು: ಎಂಜಿನ್ ಫ್ಲಶ್, ಆಯಿಲ್ ಅಡಿಟಿವ್, ಒಳಗಿನ ಸುಗಂಧದ ಚಿಕಿತ್ಸೆ. ಅಂಡರ್‌ಬಾಡಿ ಕೋಟಿಂಗ್ ಖಾನಾಪುರದ ಮಳೆಗೋ ಕಾರವಾರದ ಉಪ್ಪುಗಾಳಿಗೋ ಸರಿ, ವಿಜಯಪುರದ ಒಣ ಹವೆಯಲ್ಲಿ ಆ ದುಡ್ಡಿಗೆ ಎರಡು ವರ್ಷದ ಏರ್ ಫಿಲ್ಟರ್ ಬರುತ್ತವೆ. ವರ್ಷಕ್ಕೆ ಹತ್ತು ಸಾವಿರದೊಳಗೆ ಸರ್ವಿಸ್ ಮುಗಿಸಬೇಕೆನ್ನುವ ನನ್ನಂಥವರಿಗೆ ಬಿಲ್ಲಿನ ಈ ಸಾಲುಗಳೇ ಲೆಕ್ಕ ತಪ್ಪಿಸುವುದು.

ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆಂಬ ಹೆದರಿಕೆಯ ಬಗ್ಗೆ: ಬಿಡಿಭಾಗ, ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದೆಂದೂ ಹೇಳಿತು. ಹಲವು ಕಂಪನಿಗಳು ಮೇಲ್ಮನವಿಗೆ ಹೋದವು. ಕೌಂಟರಿನಲ್ಲಿ ವಾದ ಮಾಡಿ ಗೆಲ್ಲುವುದು ಕಷ್ಟ, ಹಾಗಾಗಿ ವಾರಂಟಿ ಇರುವವರೆಗೆ ಶೋರೂಮಿಗೇ ಕೊಟ್ಟು, ಫಿಲ್ಟರ್ ಮಾತ್ರ ನೀವೇ ನೋಡಿಕೊಳ್ಳಿ. ಆಮೇಲೆ ಗ್ಯಾರೇಜಿನಲ್ಲಿ ಮಾಡಿಸಿದ್ದಕ್ಕೂ ತಾರೀಖು, ಕಿಲೋಮೀಟರ್, ಆಯಿಲ್ ಗ್ರೇಡ್, ಪಾರ್ಟ್ ನಂಬರ್ ಬರೆಸಿದ ಬಿಲ್ ಇಟ್ಟುಕೊಳ್ಳಿ. ಕಾರು ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.