ಈಸಿ ಸ್ಪ್ಯಾನಿಶ್: ಮೆಕ್ಸಿಕೋಗೆ ಬರುವ ಕನ್ನಡಿಗರಿಗೆ ನಾನು ಹೇಳುವುದು ಇದನ್ನೇ

ಮೆಕ್ಸಿಕೋದ ಗ್ವಾಡಲಹಾರಾ ನಗರಕ್ಕೆ ಕೆಲಸದ ಮೇಲೆ ಬರುವ ನಮ್ಮ ಕಡೆಯವರು ಮೊದಲು ಕೇಳುವುದೇ ಇದು: ಸ್ಪ್ಯಾನಿಶ್ ಕಲಿಯೋಕೆ ಯಾವುದು ಒಳ್ಳೇದು? ನಾನು ಎರಡು ವರ್ಷಕ್ಕೂ ಜಾಸ್ತಿ ನೋಡುತ್ತಾ ಬಂದಿರುವುದು ಯೂಟ್ಯೂಬಿನ ಈಸಿ ಸ್ಪ್ಯಾನಿಶ್ ಅನ್ನುವ ಚಾನೆಲ್. ಈ ಊರಲ್ಲಿ ಇಂಗ್ಲಿಷ್ ನಡೆಯುವುದು ಆಫೀಸಿನ ಒಳಗೆ ಮಾತ್ರ. ತರಕಾರಿಯವರು, ಬಸ್ ಡ್ರೈವರ್, ಮನೆ ಓನರ್ ಎಲ್ಲರ ಹತ್ತಿರ ಸ್ಪ್ಯಾನಿಶ್ಸೇ ಬೇಕು.

ಇದರ ರೀತಿ ಸರಳ. ಮೈಕ್ ಹಿಡಿದು ಬೀದಿಗೆ ಹೋಗುತ್ತಾರೆ, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುತ್ತಾರೆ. ಊಟ, ಕೆಲಸ, ಮದುವೆ, ದುಡ್ಡು, ಹೀಗೆ ದಿನದ ವಿಷಯಗಳೇ. ಪರದೆಯ ಕೆಳಗೆ ಸ್ಪ್ಯಾನಿಶ್ ಸಾಲು, ಅದರ ಜೊತೆಗೆ ಇಂಗ್ಲಿಷ್ ಸಾಲು. ತೀರಾ ಹೊಸಬರಿಗೆ ಸೂಪರ್ ಈಸಿ ಸ್ಪ್ಯಾನಿಶ್ ಅಂತ ಬೇರೆ ಸರಣಿ ಇದೆ, ಅದರಲ್ಲಿ ನಿಧಾನವಾಗಿ ಮಾತಾಡುತ್ತಾರೆ. ಅಲ್ಲಿಂದಲೇ ಶುರು ಮಾಡಿ.

ಇದಕ್ಕೆ ಮುಂಚೆ ಅಂಕ ಕೊಡುವ ಒಂದು ಆ್ಯಪ್ ಬಳಸುತ್ತಿದ್ದೆ. ಅದು ಕಲಿಸಿದ ವಾಕ್ಯಗಳನ್ನು ಇಲ್ಲಿ ಒಬ್ಬರೂ ಆಡುವುದಿಲ್ಲ. ಬೀದಿ ಸಂದರ್ಶನದಲ್ಲಿ ಜನ ತಡವರಿಸುತ್ತಾರೆ, ಅರ್ಧಕ್ಕೆ ನಿಲ್ಲಿಸುತ್ತಾರೆ, ನಗುತ್ತಾರೆ. ಕಿವಿ ಪಳಗುವುದು ಅದರಿಂದಲೇ. ಇಲ್ಲಿ ಹೋಟೆಲಿನಲ್ಲಿ ಊಟ ಮುಗಿಸಿ ಹೊರಡುವವರು ಪಕ್ಕದ ಟೇಬಲಿನ ಅಪರಿಚಿತರಿಗೂ 'ಪ್ರೊವೆಚೊ' ಅನ್ನುತ್ತಾರೆ, ಚೆನ್ನಾಗಿ ಊಟ ಮಾಡಿ ಅಂತ. ಮಾತು ಕೇಳಿಸದಿದ್ದರೆ 'ಮಾಂದೆ?' ಅಂತ ಮರ್ಯಾದೆಯಿಂದ ಕೇಳುತ್ತಾರೆ. ಇಂಥವು ಕಿವಿಗೆ ಬಿದ್ದೂ ಬಿದ್ದೂ ನಾಲಿಗೆಗೆ ಬರಬೇಕು.

ಸಸ್ಯಾಹಾರಿಗಳಿಗಂತೂ ಊರಿನ ರೂಢಿ ಗೊತ್ತಿಲ್ಲದ ಭಾಷೆ ಸಾಲುವುದಿಲ್ಲ. 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ ಅಂದರೂ ತಟ್ಟೆಯಲ್ಲಿ ಕೋಳಿಯೋ ಹ್ಯಾಮೋ ಬರಬಹುದು. ಎಷ್ಟೋ ಜನರ ಲೆಕ್ಕದಲ್ಲಿ ಕಾರ್ನೆ ಅಂದರೆ ಮುಖ್ಯವಾಗಿ ದನದ ಮಾಂಸ. ರಾಜ್ಮಾದಂಥ ಫ್ರಿಹೋಲೆಸ್ ಕಾಳನ್ನು ಹಂದಿ ಕೊಬ್ಬಿನಲ್ಲಿ ಬೇಯಿಸುವ ರೂಢಿಯೂ ಇದೆ. ಹಾಗಾಗಿ 'ಯೆವಾನ್ ಮಾಂತೆಕಾ?' ಅಂತ, ಕೊಬ್ಬು ಹಾಕಿದ್ದೀರಾ ಅಂತ, ಬಿಡಿಸಿ ಕೇಳಬೇಕು. ರೊಟ್ಟಿ ಮಡಿಸಿ ಮಾಡುವ ಕೆಸಡಿಯಾ ಅಂದರೆ ಚೀಸ್ ಇದ್ದೇ ಇರುತ್ತೆ ಅಂತ ಗ್ವಾಡಲಹಾರಾದವರು ನಂಬುತ್ತಾರೆ. ಮೆಕ್ಸಿಕೋ ಸಿಟಿಯಲ್ಲಿ ಮಾತ್ರ ಚೀಸ್ ಬೇಕಾ ಅಂತ ಬೇರೆಯಾಗಿ ಕೇಳುತ್ತಾರೆ. ಈ ವಿಷಯಕ್ಕೆ ಇಲ್ಲಿಯವರು ನಿಜವಾಗಿ ಜಗಳ ಆಡುತ್ತಾರೆ. ಊಟದ ಬಗ್ಗೆ ಇರುವ ವೀಡಿಯೊಗಳನ್ನು ಎರಡೆರಡು ಸಲ ನೋಡಿ ಅನ್ನುವುದು ಇದಕ್ಕೇ.

ಹೆಚ್ಚಿನ ವೀಡಿಯೊಗಳು ಮೆಕ್ಸಿಕೋ ಮತ್ತು ಸ್ಪೇನಿನವು. ಎರಡನ್ನೂ ನೋಡುತ್ತಾ ಹೋದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತೆ. ಇಲ್ಲಿ ಹಿರಿಯರಿಗೆ, ಗುರುತಿಲ್ಲದವರಿಗೆ 'ಉಸ್ತೆದ್' ಅನ್ನುತ್ತಾರೆ, ನಮ್ಮ 'ನೀವು' ಇದ್ದ ಹಾಗೆ. ಸ್ಪೇನಿನಲ್ಲಿ ಬಾರಿನವನು ಮೊದಲ ಮಾತಿಗೇ 'ತೂ', ಅಂದರೆ 'ನೀನು', ಅಂದರೂ ಅದು ಅಗೌರವ ಅಲ್ಲ. ಬಸ್ಸಿಗೆ ಮೆಕ್ಸಿಕೋದಲ್ಲಿ ಕಾಮಿಯೋನ್, ಅರ್ಜೆಂಟೀನಾದಲ್ಲಿ ಕೊಲೆಕ್ತೀವೊ, ಕ್ಯೂಬಾದಲ್ಲಿ ಗ್ವಾಗ್ವಾ. ಬಸ್ ಹಿಡಿಯುವುದಕ್ಕೆ ಸ್ಪೇನಿನವರು ಆಡುವ 'ಕೊಹೆರ್' ಅನ್ನು ಮೆಕ್ಸಿಕೋದಲ್ಲಿ ಆಡಬೇಡಿ, ಇಲ್ಲಿ ಅದು ಅಶ್ಲೀಲ.

ಇನ್ನು ನನಗೆ ತುಂಬಾ ಮುಖ್ಯ ಅನಿಸಿದ ಮಾತು. ಸ್ವಲ್ಪ ರೂಢಿಯಾದ ಮೇಲೆ ಇಂಗ್ಲಿಷ್ ಸಾಲಿನ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಿಕೊಂಡು ನೋಡಿ. ಕನ್ನಡದವರಿಗೆ ಇಂಗ್ಲಿಷಿನ ಬಳಸುದಾರಿ ಬೇಕಿಲ್ಲ. 'ಮೆ ಗುಸ್ತಾ ಎಲ್ ಕಫೆ' ಅನ್ನುವುದು 'ನನಗೆ ಕಾಫಿ ಇಷ್ಟ' ಅನ್ನುವ ಅಚ್ಚಿನಲ್ಲೇ ಇದೆ. 'ಮೆ ದುವೆಲೆ ಲಾ ಕಬೇಸಾ' ಅಂದರೆ 'ನನಗೆ ತಲೆ ನೋಯುತ್ತಿದೆ'. ಇಂಗ್ಲಿಷ್ ಮನೆಮಾತಿನವರು ಇಲ್ಲಿ ಒದ್ದಾಡುತ್ತಾರೆ, ನಮಗೆ ಇದು ಹುಟ್ಟಿನಿಂದ ಬಂದಿದೆ. 'ನಾನು' ಅನ್ನದೆಯೇ 'ಬರುತ್ತೇನೆ' ಅಂದರೆ ಸಾಕಲ್ವಾ? ಸ್ಪ್ಯಾನಿಶ್ಸಿನಲ್ಲೂ ಹಾಗೇ, ಯಾರು ಅಂತ ಕ್ರಿಯಾಪದದ ಕೊನೆಯೇ ಹೇಳುತ್ತೆ. ಕಷ್ಟ ಇರುವುದು ಲಿಂಗದಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು. ಅದನ್ನು ಕೇಳಿ ಕೇಳಿ ರೂಢಿಸಿಕೊಳ್ಳುವುದೇ ದಾರಿ.

ಇದು ವ್ಯಾಕರಣ ಪಾಠ ಅಲ್ಲ. ಸರಳವಾದ ಒಂದು ವ್ಯಾಕರಣ ಪುಸ್ತಕ ಪಕ್ಕದಲ್ಲಿರಲಿ. ಮಾತಾಡುವ ಅಭ್ಯಾಸವನ್ನೂ ನೀವೇ ಮಾಡಿಕೊಳ್ಳಬೇಕು. ನಾನು ವಾರದ ಸಂತೆಗೆ, ಇಲ್ಲಿಯವರು 'ತಿಯಾಂಗಿಸ್' ಅನ್ನುತ್ತಾರೆ, ಅಲ್ಲಿಗೆ ಹೋಗುತ್ತಿದ್ದೆ. ವ್ಯಾಪಾರದವರಿಗೆ ಮಾತೇ ಬಂಡವಾಳ. ಎರಡು ಕಿಲೋ ಟೊಮೇಟೊ ಕೊಳ್ಳುವಷ್ಟರಲ್ಲಿ ಯಾವ ದೇಶ, ಅಮ್ಮ ಅಪ್ಪ ಎಲ್ಲಿದ್ದಾರೆ, ಖಾರ ತಿಂತೀರಾ, ಎಲ್ಲಾ ವಿಚಾರಿಸುತ್ತಾರೆ.

ವೀಡಿಯೊ ನೋಡಲು ದುಡ್ಡು ಬೇಕಿಲ್ಲ. ದುಡ್ಡು ಕೊಟ್ಟು ಸದಸ್ಯರಾದರೆ ಮಾತುಗಳ ಬರಹರೂಪ, ಪದಪಟ್ಟಿ, ಅಭ್ಯಾಸದ ಹಾಳೆ ಸಿಗುತ್ತವೆ. ಮೊದಲ ಕೆಲವು ತಿಂಗಳು ಉಚಿತ ವೀಡಿಯೊಗಳೇ ಸಾಕು. ಇವರ ಪಾಡ್‌ಕಾಸ್ಟ್ ಕೇಳುವ ಮಟ್ಟಕ್ಕೆ ಬಂದಾಗ ಸದಸ್ಯರಾಗಿ, ಬರಹರೂಪದ ಉಪಯೋಗ ಆಗ ಜಾಸ್ತಿ. ಚಿಲಿಗೆ ಹೋಗುವವರು ಮಾತ್ರ ಇದರ ಜೊತೆಗೆ ಚಿಲಿಯವರದೇ ಕಾರ್ಯಕ್ರಮಗಳನ್ನೂ ಕೇಳಬೇಕು. ಅಲ್ಲಿ ಪದದ ಕೊನೆಯ 'ಸ್' ನುಂಗಿ ಬಹಳ ವೇಗವಾಗಿ ಮಾತಾಡುತ್ತಾರೆ.