ಬೇಸ್ ಟೆನ್ ಬ್ಲಾಕ್ ಪೆಟ್ಟಿಗೆ: ತೋರಿಸಲು ಸಾಕು, ಕೈಗೆ ಕೊಡಲು ಸಾಲದು

ಹುಬ್ಬಳ್ಳಿ-ಧಾರವಾಡದ ಶಾಲಾ ಸಾಮಾನಿನ ಅಂಗಡಿಗಳಲ್ಲಿ ಸ್ಥಾನಬೆಲೆ ಕಲಿಸುವ ಬೇಸ್ ಟೆನ್ ಬ್ಲಾಕ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು 121 ತುಂಡುಗಳ ಪೆಟ್ಟಿಗೆ: ಒಂದರ 100 ಬಿಡಿ, 10 ಹತ್ತರ ಕಡ್ಡಿ, 10 ನೂರರ ಹಲಗೆ, ಸಾವಿರದ ಒಂದು ಘನ. ಶಿಕ್ಷಕರು ಮೇಜಿನ ಮೇಲೆ ಮಾಡಿ ತೋರಿಸಲು ಇಷ್ಟು ಸಾಕು. ತೊಡಕು ಶುರುವಾಗುವುದು ಲೆಕ್ಕವನ್ನು ಮಕ್ಕಳಿಗೇ ಬಿಟ್ಟಾಗ. ಎರಡಂಕಿಯ ಕಳೆಯುವ ಲೆಕ್ಕಕ್ಕೆ ಇಬ್ಬರು ಮಕ್ಕಳ ಒಂದು ಜೋಡಿಗೆ 9 ಕಡ್ಡಿ, 18 ಬಿಡಿ (8 ಇದ್ದದ್ದು, 10 ಕಡ್ಡಿ ಕೊಟ್ಟು ತಂದದ್ದು) ಇರಬೇಕು. ಬಿಡಿಗಳು ಐದು ಜೋಡಿಗೆ ಸಾಲುತ್ತವೆ, ಕಡ್ಡಿಗಳು ಒಂದೇ ಜೋಡಿಗೆ ಮುಗಿಯುತ್ತವೆ. 30 ಮಕ್ಕಳಿಗೆ 135 ಕಡ್ಡಿ ಬೇಕು! ಕಡ್ಡಿ ಬೇರೆಯಾಗಿ ಮಾರುವವರಿದ್ದರೆ ಅವರಲ್ಲೇ ಕೊಳ್ಳಿ.

ಅಂಗಡಿಯಲ್ಲೇ ಹತ್ತು ಬಿಡಿಗಳನ್ನು ಒಂದು ಕಡ್ಡಿಯ ಪಕ್ಕ ಜೋಡಿಸಿ ನೋಡಿ. ಅಚ್ಚಿನ ಅಂಚು ಉಳಿದ ಅಗ್ಗದ ಮಾಲಿನಲ್ಲಿ ಬಿಡಿಗಳ ಸಾಲೇ ಉದ್ದವಾಗುತ್ತದೆ, ಎರಡೂ ಸಮ ಎಂದರೆ ಮಗು ನಂಬುವುದಿಲ್ಲ. ಒಂದೇ ಬಣ್ಣದ ಸೆಟ್ ಮೇಲು. ಬಣ್ಣ ಬೇರೆ ಬೇರೆಯಾದರೆ ಮಗು ಅಳತೆ ಬಿಟ್ಟು ಬಣ್ಣ ನೋಡಿ ಹೇಳುತ್ತದೆ.

ದೊಡ್ಡ ಕೊರತೆ, ಕಡ್ಡಿ ಹತ್ತು ಬಿಡಿಗಳಾಗಿ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೆ ಮೊದಲ ವಾರ ಕಸಬರಿಗಿ ಕಡ್ಡಿಗಳ ಹತ್ತರ ಕಟ್ಟು, ರಬ್ಬರ್ ಬ್ಯಾಂಡ್ ಸಾಕು. 52−27 ಬರೆದು “ಎರಡರಾಗ ಏಳು ಹೋಗಂಗಿಲ್ಲ, ಈಗೇನ್ ಮಾಡೋಣು?” ಎಂದು ಕೇಳಿ, ಶಿಕ್ಷಕರೇ ಕಟ್ಟು ಬಿಚ್ಚಿ ತೋರಿಸಬೇಕು. ಮುಂದಿನ ಲೆಕ್ಕದಲ್ಲಿ ಮಕ್ಕಳು ಹೇಳುತ್ತಾರೆ, ಶಿಕ್ಷಕರ ಕೈ ಆಡುತ್ತದೆ. ಬ್ಲಾಕ್ ಬರುವುದು ಆಮೇಲೆ, ಜೋಡಿಯಲ್ಲಿ: ಒಬ್ಬರು ತುಂಡು ಸರಿಸುವುದು, ಇನ್ನೊಬ್ಬರು ಬರೆಯುವುದು, ನಂತರ ಅದಲು ಬದಲು. ನಲಿಕಲಿ (ಸರ್ಕಾರಿ ಶಾಲೆಗಳ ಕೆಳ ತರಗತಿಗಳ ಚಟುವಟಿಕೆ ಪದ್ಧತಿ) ನಡೆಸಿದವರಿಗೆ ಇದು ಹೊಸದಲ್ಲ. ಶಿಕ್ಷಕರ ಬೆಂಬಲದಿಂದ ಸ್ವಕಲಿಕೆಯವರೆಗಿನ ತಟ್ಟೆಗಳ, ಅಂದರೆ ಮಕ್ಕಳ ಗುಂಪುಗಳ, ದಾರಿಯೇ ಇದು.

52−27ಕ್ಕೆ 35 ಎಂಬ ಉತ್ತರ ಬಂದರೆ ಬರೀ ನೋಟ್‌ಬುಕ್ ನೋಡಿ ತಿದ್ದಬೇಡಿ. ಏಳರಲ್ಲಿ ಎರಡು ಕಳೆದ ಮಗುವಿಗೂ 35 ಬರುತ್ತದೆ. ಹತ್ತು ಬಿಡಿ ತಂದು ಕಡ್ಡಿ ವಾಪಸ್ ಇಡಲು ಮರೆತ ಮಗುವಿಗೂ 35, ಏಕೆಂದರೆ ಅದರ ಮುಂದಿರುವುದು 62. ಮೊದಲನೆಯ ಮಗುವನ್ನು ಕಸಬರಿಗಿ ಕಡ್ಡಿಗಳ ಕಟ್ಟಿಗೆ ಹಿಂದಿರುಗಿಸಿ. ಎರಡನೆಯದಕ್ಕೆ “ಕಡ್ಡಿ ಕೊಟ್ಟು ಬಿಡಿ ತಗೋ” ಎಂಬ ಕ್ರಮ ಸಾಕು.

ಮೂರು ಲೆಕ್ಕ ಸರಿ ಮಾಡಿ ಯಾಕೆ ಬಿಚ್ಚಿದೆ ಎಂದು ಹೇಳಬಲ್ಲ ಮಗುವಿನಿಂದ ಬ್ಲಾಕ್ ತೆಗೆದು, ಗೆರೆ-ಚುಕ್ಕೆ (ಹತ್ತಕ್ಕೆ ಗೆರೆ, ಬಿಡಿಗೆ ಚುಕ್ಕೆ) ಬರೆಸಿ; ಆಮೇಲೆ ಬರೀ ಅಂಕಿ. ಪೆಟ್ಟಿಗೆ ಮಾತ್ರ ಕೈಗೆಟಕುವಲ್ಲೇ ಇರಲಿ, ಬೇಕಾದವರು ತಾವೇ ಎದ್ದು ತರಲಿ. 304−168 ಬಂದಾಗ ಅದು ಎಲ್ಲರಿಗೂ ಮತ್ತೆ ಬೇಕು: ಹತ್ತರ ಸ್ಥಾನ ಖಾಲಿ, ಹಲಗೆ ಕೊಟ್ಟು ಹತ್ತು ಕಡ್ಡಿ, ಅದರಲ್ಲೊಂದು ಕೊಟ್ಟು ಹತ್ತು ಬಿಡಿ. ಪೆಟ್ಟಿಗೆಯ ಅಷ್ಟೂ ಕಡ್ಡಿ ಈ ಒಂದೇ ಲೆಕ್ಕಕ್ಕೆ ಹೋಗುತ್ತದೆ.