ರೇಡಿಯೇಷನ್ ಆದ ಎದೆಗೆ ಮುಂದೆ ಹುಕ್ ಇರುವ ಕಾಟನ್ ಬ್ರಾ: ಮಂಗಳೂರಿನ ಸೆಕೆಗೆ ಆದೀತಾ?

ಮಂಗಳೂರಿನ ಸರ್ಜಿಕಲ್ ಅಂಗಡಿಗಳಲ್ಲಿ ಸ್ತನದ ಆಪರೇಷನ್ ಆದವರಿಗೆಂದು ಕೊಡುವ, ಮುಂದೆ ಹುಕ್ ಇರುವ, ತಂತಿ ಇಲ್ಲದ ಕಾಟನ್ ಬ್ರಾದ ಬಗ್ಗೆ ಇದು. ಇಂಪ್ಲಾಂಟ್ (ಎದೆಯೊಳಗೆ ಕೂರಿಸುವ ಕೃತಕ ಚೀಲ) ಇಟ್ಟೋ, ಬೆನ್ನು ಅಥವಾ ಹೊಟ್ಟೆಯ ಅಂಗಾಂಶ ತಂದೋ ಸ್ತನ ಮರುರಚಿಸಿಕೊಂಡು, ರೇಡಿಯೇಷನ್ ಕೂಡ ಮುಗಿಸಿದವರ ಕಣ್ಣಿನಿಂದ ನೋಡಿದ್ದೇವೆ. ಇಂಥವರ ಬದುಕಿನ ಗುಣಮಟ್ಟ ಅಳೆಯಲು 2009ರಲ್ಲಿ ಬಂದ ಬ್ರೆಸ್ಟ್-ಕ್ಯೂ ಪ್ರಶ್ನಾವಳಿಯಲ್ಲೂ ಬ್ರಾ ಎಷ್ಟು ಹಿತವಾಗಿ ಕೂರುತ್ತದೆ ಎಂಬ ಪ್ರಶ್ನೆ ಉಂಟು. ತೆಗೆದುಕೊಳ್ಳಬಹುದಾ ಎಂದರೆ, ತೆಗೆದುಕೊಳ್ಳಿ. ಆದರೆ ಸೈಜ್ ಮಾತ್ರ ಕೇಳಿ ಕಟ್ಟಿಸಿಕೊಂಡು ಬರಬೇಡಿ.

ಮುಂದಿನ ಹುಕ್ಕೇ ಇದರ ದೊಡ್ಡ ಗುಣ. ರೇಡಿಯೇಷನ್ ಆದ ಮೇಲೆ ಎದೆಯ ಸ್ನಾಯು ಮತ್ತು ಕಂಕುಳು ಬಿಗಿದು, ಕೈಯನ್ನು ಬೆನ್ನ ಹಿಂದೆ ತರುವುದೇ ಕಷ್ಟ. ಬಟ್ಟೆಯೂ ಚೆನ್ನಾಗಿದೆ, ಬೆವರು ಹೀರುತ್ತದೆ. ಒಳಗಿನ ಜೇಬು ಬಲು ಉಪಯೋಗಿ: ಇಂಪ್ಲಾಂಟ್ ಇರುವ ಕಡೆ ಗಟ್ಟಿಯಾಗಿ ಮೇಲೆಯೇ ನಿಂತಿರುತ್ತದೆ, ಇನ್ನೊಂದು ಕಡೆ ವಯಸ್ಸಿಗೆ ತಕ್ಕಂತೆ ಇಳಿಯುತ್ತದೆ. ಸಣ್ಣ ಕಾಣುವ ಕಡೆಗೆ ತೆಳು ಹತ್ತಿಯ ಪ್ಯಾಡ್ ಇಟ್ಟರೆ ರವಿಕೆ ಸರಿ ಕೂರುತ್ತದೆ.

ಕೊರತೆ ಇರುವುದು ಕೆಳಪಟ್ಟಿಯಲ್ಲಿ. ಅದರ ದಪ್ಪ ಹೊಲಿಗೆ ಸರಿಯಾಗಿ ಸ್ತನದ ಕೆಳಗಿನ ಮಡಿಕೆಗೆ ಬರುತ್ತದೆ. ರೇಡಿಯೇಷನ್‌ನಲ್ಲಿ ಚರ್ಮ ಮೊದಲು ಸುಲಿಯುವ ಜಾಗಗಳೆಂದರೆ ಈ ಮಡಿಕೆ ಮತ್ತು ಕಂಕುಳು. ಬೆನ್ನಿನ ಸ್ನಾಯು ತಂದು ಕಟ್ಟಿದವರಿಗೆ ಬೆನ್ನಿನ ಗಾಯದ ಗೆರೆಯೂ ಹೆಚ್ಚಾಗಿ ಇದೇ ಪಟ್ಟಿಯ ಅಡಿಗೆ ಸಿಗುತ್ತದೆ. ಆ ಸ್ನಾಯುವಿಗೆ ರಕ್ತ ಹೋಗುವುದು ಕಂಕುಳಿನ ದಾರಿಯಲ್ಲಿ. ಹಾಗಾಗಿ ಆಪರೇಷನ್ ಆದ ಹೊಸತರಲ್ಲಿ ಅಲ್ಲಿ ಒತ್ತುವ ಯಾವ ಬ್ರಾವನ್ನೂ ಸರ್ಜನ್ ಹೇಳದೆ ಹಾಕಬಾರದು. ಭುಜದ ಪಟ್ಟಿ ಎರಡು ಸೆಂಟಿಮೀಟರಿಗಿಂತ ಕಿರಿದಾಗಿದ್ದರೆ ಬೇಡವೇ ಬೇಡ. ಕಂಕುಳಿನ ಗ್ರಂಥಿ ತೆಗೆದವರಿಗೆ ಕೈ ಬಾವು ಬರುವ ಸಾಧ್ಯತೆ ಮೊದಲೇ ಇರುತ್ತದೆ, ಕೊರೆಯುವ ಪಟ್ಟಿ ಅದಕ್ಕೆ ಜೊತೆಯಾಗಬಾರದು.

ಹಾಕಿ ನೋಡುವಾಗ "ಹಾಯಾಗಿದೆ" ಎಂದು ಅನಿಸಿದ್ದನ್ನೇ ನಂಬಬೇಡಿ. ಮರುರಚಿಸಿದ ಸ್ತನದ ಚರ್ಮಕ್ಕೆ ಸ್ಪರ್ಶ ಬಹುಪಾಲು ಇರುವುದಿಲ್ಲ. ಹೊಲಿಗೆ ಕೊರೆದರೂ, ಬಿಸಿನೀರಿನ ಚೀಲ ಸುಟ್ಟರೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಹಾಕಿ, ಬಿಚ್ಚಿ, ಕನ್ನಡಿಯ ಮುಂದೆ ಮಡಿಕೆಯನ್ನು ಎತ್ತಿ ನೋಡಿ. ತೆಳುಗೆರೆ ಕೆಲವು ನಿಮಿಷದಲ್ಲಿ ಮಾಯವಾದರೆ ಸರಿ. ಆಳದ ಗುರುತು ಅರ್ಧ ಗಂಟೆಯಾದರೂ ಉಳಿದರೆ ಆ ಸೈಜ್ ನಿಮ್ಮದಲ್ಲ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು, ಆ ಜಾಗ ಕಪ್ಪಾಗಿಯೋ ನೇರಳೆಯಾಗಿಯೋ ತೋರುತ್ತದೆ. ಹಿಂಗೈಯಿಂದ ಮುಟ್ಟಿ, ಬಿಸಿ ಇದೆಯಾ ನೋಡಿ. ಟ್ರಯಲ್ ರೂಮ್ ಇಲ್ಲದ ಅಂಗಡಿಯಾದರೆ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಮೊದಲೇ ಕೇಳಿಡಿ.

ಅಳತೆಯನ್ನು ಸಂಜೆಗೆ ತೆಗೆಯಿರಿ, ಬಾವು ಏರುವುದು ಆಗ. ಟೇಪನ್ನು ಸ್ತನದ ಕೆಳಗೆ ನೆಲಕ್ಕೆ ಸಮವಾಗಿ ಸುತ್ತಿ, ಉಸಿರು ಬಿಟ್ಟು ಓದಿ. ಹೊಸ ಬ್ರಾ ಅತಿ ಸಡಿಲದ ಹುಕ್ಕಿನಲ್ಲೇ ಸರಿ ಕೂರಬೇಕು, ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು.

ಇನ್ನು ಊರಿನ ಹವೆ. ಜೋರು ಮಳೆಯ ಆಟಿ ತಿಂಗಳಲ್ಲಿ ಇದರ ಎರಡು ಪದರದ ಕಪ್ ಒಂದು ದಿನಕ್ಕೆ ಒಣಗುವುದಿಲ್ಲ. ತೇವ ಉಳಿದದ್ದನ್ನು ಹಾಕಿದರೆ ಮಡಿಕೆಯಲ್ಲಿ ಶಿಲೀಂಧ್ರದ ತುರಿಕೆ ಶುರು. ಮೂರಾದರೂ ಬೇಕು. ಮೃದು ಸೋಪಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಹಿಂಡದೆ ಟವೆಲಿನಲ್ಲಿ ಒತ್ತಿ ಫ್ಯಾನಿನಡಿ ಹಾಕಿ. ಎಲಾಸ್ಟಿಕ್ಕಿಗೆ ಇಸ್ತ್ರಿ ತಾಗಿಸಬೇಡಿ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದ್ದರೆ ಮೊದಲು ರೇಡಿಯೇಷನ್ ವಿಭಾಗದವರನ್ನು ಕೇಳಿ. ಎಣ್ಣೆ ತಾಗಿದ ರಬ್ಬರ್ ಎಲಾಸ್ಟಿಕ್ ಬೇಗ ಸಡಿಲವಾಗುತ್ತದೆ.

ರೇಡಿಯೇಷನ್ ಮುಗಿದ ಮೇಲೂ ಒಂದೆರಡು ವಾರ ಚರ್ಮದ ತೊಂದರೆ ಏರುವುದುಂಟು. ಚರ್ಮ ಸುಲಿದು ನೀರು ಒಸರುವಾಗ ಈ ಬ್ರಾವೂ ಬೇಡ, ಹಳೆಯ ಸಡಿಲ ಕಾಟನ್ ಬನಿಯನ್ ಸಾಕು. ಸ್ತನ ದಿನೇ ದಿನೇ ಗಟ್ಟಿಯಾಗಿ ಆಕಾರ ಬದಲಾದರೆ, ಇಂಪ್ಲಾಂಟ್ ಸುತ್ತಲಿನ ಪೊರೆ ಬಿಗಿಯುತ್ತಿರಬಹುದು. ಸೈಜ್ ಬದಲಿಸಿ ಪ್ರಯೋಜನವಿಲ್ಲ, ಸರ್ಜನ್‌ಗೆ ತೋರಿಸಿ. ಜ್ವರದ ಜೊತೆ ಬಿಸಿ, ಬಾವು ಬಂದರೆ ಅಂದೇ ಹೋಗಿ.